ಕೂಚ್‌ಬಿಹಾರದ ತುಂಡುನೆಲಗಳು: ಒಂದು ಗಡಿಯ ಚರಿತ್ರೆ

ಮನೆಯನ್ನೋ ನಿವೇಶನವನ್ನೋ ಕೊಂಡವರೆಲ್ಲರೂ ಕ್ರಯಪತ್ರದ ಕೊನೆಯಲ್ಲಿ ಬರುವ ಚೆಕ್ಕುಬಂದಿಯನ್ನು ಓದಿಯೇ ಇರುತ್ತಾರೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥ ನಂಬರಿನ ನಿವೇಶನ. ಇಷ್ಟರಲ್ಲಿ ಆಸ್ತಿಯ ಎಲ್ಲೆ ಮುಗಿಯಿತು. ಅದರ ಜೊತೆಗೆ ಒಂದು ನಕ್ಷೆ ಇರುತ್ತದೆ, ನೆಲದ ಮೇಲೆ ನಾಲ್ಕು ಕಲ್ಲುಗಳಿರುತ್ತವೆ. ಬರೆದ ಮಾತು, ಎಳೆದ ನಕ್ಷೆ, ನೆಟ್ಟ ಕಲ್ಲು ಮೂರೂ ಒಂದನ್ನೇ ಹೇಳಿದರೆ ನೆರೆಹೊರೆಯವರು ಸುಖವಾಗಿರುತ್ತಾರೆ. ಹೇಳದಿದ್ದರೆ ವಕೀಲರು ಸುಖವಾಗಿರುತ್ತಾರೆ.

ರಾಜ್ಯಗಳ ಗಡಿಯ ವಿಚಾರವೂ ಮೂಲದಲ್ಲಿ ಇಷ್ಟೇ. ಅದಕ್ಕೂ ಬರೆದ ಒಪ್ಪಂದವುಂಟು, ನಕ್ಷೆಯುಂಟು, ಕಲ್ಲುಂಟು. ಆದರೆ ಇಲ್ಲಿ ಮೂರಕ್ಕೂ ತಾಳೆ ತಪ್ಪಿತೆಂದರೆ ಸಿಕ್ಕಿಬೀಳುವುದು ಒಬ್ಬ ಕಕ್ಷಿಗಾರನಲ್ಲ, ಊರಿಗೆ ಊರೇ. ರಾಜಕೀಯ ಭೂಗೋಳವೆಂಬ ಶಾಸ್ತ್ರ ಕಳೆದ ನೂರಿಪ್ಪತ್ತು ವರ್ಷಗಳಿಂದಲೂ ಈ ಗಡಿಗಳನ್ನು ಅಭ್ಯಾಸ ಮಾಡುತ್ತ ಬಂದಿದೆ. ಗಡಿ ಎಲ್ಲಿರಬೇಕು ಎಂಬ ಪ್ರಶ್ನೆಯಿಂದ ಹೊರಟ ಆ ಶಾಸ್ತ್ರ, ಗಡಿ ಏನು ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಬಂದು ಮುಟ್ಟಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ. ಅದಕ್ಕೆ ಬಂಗಾಳದ ಉತ್ತರ ಮೂಲೆಯ ಕೂಚ್‌ಬಿಹಾರದಲ್ಲಿ ದೊರೆಯುವಷ್ಟು ಸ್ಪಷ್ಟವಾದ ಉತ್ತರ ಬೇರೆ ಕಡೆ ದೊರೆಯುವುದು ಕಷ್ಟ.

ಕೂಚ್‌ಬಿಹಾರಕ್ಕೆ ಹೋಗುವ ಮುನ್ನ ನಮ್ಮ ಮಾತಿನಲ್ಲಿರುವ ಒಂದು ಸ್ವಾರಸ್ಯವನ್ನು ನೋಡಬಹುದು. ಕನ್ನಡದಲ್ಲಿ ಎಲ್ಲೆ, ಮೇರೆ, ಗಡಿ, ಸರಹದ್ದು, ಸೀಮೆ ಎಂದು ಎಷ್ಟೋ ಪದಗಳಿವೆ. ಇವುಗಳಲ್ಲಿ ‘ಸೀಮೆ’ ವಿಚಿತ್ರವಾದುದು. ಶಾಸನಗಳಲ್ಲಿ ದತ್ತಿಯ ಹೊಲಕ್ಕೆ ಚತುಸ್ಸೀಮೆ ಹೇಳುವಾಗ ಅದರ ಅರ್ಥ ಗೆರೆ. ಹುಣಸೆಯ ಮರ, ಹುತ್ತ, ಹಳ್ಳ, ನಟ್ಟ ಕಲ್ಲು ಎಂದು ಮೂಲೆ ಮೂಲೆಗೂ ಗುರುತು ಹೇಳುತ್ತಾರೆ. ಆದರೆ ಬಯಲುಸೀಮೆ, ಮೈಸೂರು ಸೀಮೆ ಎಂದಾಗ ಅದೇ ಪದ ಇಡೀ ಪ್ರದೇಶವನ್ನು ಹೇಳುತ್ತದೆ. ಹಿಂದಿನ ಅರಸರಿಗೆ ಹೊಲದ ಎಲ್ಲೆ ಗೆರೆಯಾಗಿತ್ತು, ರಾಜ್ಯದ ಎಲ್ಲೆ ಪ್ರದೇಶವಾಗಿತ್ತು. ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದ್ದು ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಕ್ಕಾಗಿ, ಒಂದು ಗೆರೆಗಾಗಿ ಅಲ್ಲ. ಭೂಗೋಳದವರು ಇವೆರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಅಗಲವಿರುವುದು ಗಡಿನಾಡು, ಅಗಲವಿಲ್ಲದ್ದು ಗಡಿರೇಖೆ. ಲೋಕದ ಗಡಿನಾಡುಗಳೆಲ್ಲ ಬತ್ತಿ ಗಡಿರೇಖೆಗಳಾದದ್ದೇ ಕಳೆದ ಮೂರು ಶತಮಾನಗಳ ರಾಜಕೀಯ ಭೂಗೋಳದ ಕಥೆ.

ಈ ಶಾಸ್ತ್ರಕ್ಕೆ ಹೆಸರು ಕೊಟ್ಟ ಗ್ರಂಥವನ್ನು ೧೮೯೭ರಲ್ಲಿ ಪ್ರಕಟಿಸಿದವರು ಜರ್ಮನಿಯ ಫ್ರೀಡ್ರಿಶ್ ರಾಟ್ಸೆಲ್. ಔಷಧಿ ಅಂಗಡಿಯಲ್ಲಿ ಕೆಲಸ ಕಲಿತು, ಪ್ರಾಣಿಶಾಸ್ತ್ರ ಓದಿ, ಆಮೇಲೆ ಭೂಗೋಳಕ್ಕೆ ಬಂದ ಈ ಪಂಡಿತರಿಗೆ ರಾಜ್ಯವೂ ಒಂದು ಜೀವಿಯಂತೆ ಕಂಡಿತು. ಜೀವಿಗೆ ಚರ್ಮವಿದ್ದಂತೆ ರಾಜ್ಯಕ್ಕೆ ಗಡಿ. ಜೀವಿ ಬೆಳೆದರೆ ಚರ್ಮವೂ ಹಿಗ್ಗಬೇಕು. ಉಪಮೆ ಸೊಗಸಾಗಿದೆ. ಆದರೆ ಉಪಮೆಗಳನ್ನು ಅವು ಹುಟ್ಟಿದ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ. ರಾಟ್ಸೆಲ್ ತೀರಿಕೊಂಡ ಮೂರು ದಶಕಗಳ ಮೇಲೆ ಅವರ ದೇಶದ ಆಳರಸರು ಈ ‘ಹಿಗ್ಗುವ ಚರ್ಮ’ವನ್ನು ನೆರೆಯವರ ನೆಲ ನುಂಗಲು ಸಮರ್ಥನೆಯಾಗಿ ಬಳಸಿಕೊಂಡರು.

ಇಂಗ್ಲಿಷರ ಕಡೆ ಮಾತಾಡಿದವರು ಪಂಡಿತರಿಗಿಂತ ಹೆಚ್ಚಾಗಿ ಆಡಳಿತಗಾರರು. ಕರ್ಜನ್ ಪ್ರಭುಗಳು ೧೯೦೭ರಲ್ಲಿ ಆಕ್ಸ್‌ಫರ್ಡಿನಲ್ಲಿ ಗಡಿಗಳನ್ನು ಕುರಿತೇ ಒಂದು ಪ್ರಸಿದ್ಧ ಉಪನ್ಯಾಸ ಮಾಡಿ, ನೈಸರ್ಗಿಕ ಗಡಿ ಯಾವುದು, ಕೃತಕ ಗಡಿ ಯಾವುದು ಎಂದು ವಿಂಗಡಿಸಿ ತೋರಿಸಿದರು. ಎರಡೇ ವರ್ಷ ಹಿಂದೆ, ೧೯೦೫ರ ಅಕ್ಟೋಬರಿನಲ್ಲಿ, ಬಂಗಾಳವನ್ನು ಎರಡಾಗಿ ಸೀಳಿದ್ದವರೂ ಅವರೇ. ಆ ಗೆರೆ ಆರು ವರ್ಷಕ್ಕಿಂತ ಹೆಚ್ಚೇನೂ ಬಾಳಲಿಲ್ಲ. ೧೯೧೧ರ ದಿಲ್ಲಿ ದರ್ಬಾರಿನಲ್ಲಿ ಚಕ್ರವರ್ತಿಗಳೇ ಅದನ್ನು ಅಳಿಸಿದರು. ಗಡಿಯ ಬಗ್ಗೆ ಉಪನ್ಯಾಸ ಮಾಡುವುದು ಗಡಿ ಹಾಕುವುದಕ್ಕಿಂತ ಸುಲಭವೆಂದು ಕರ್ಜನ್ನರಿಗೆ ಹೊಳೆದಿರಬೇಕು.

ಮೊದಲ ಮಹಾಯುದ್ಧದ ಹೊತ್ತಿಗೆ ಒಳ್ಳೆಯ ಗಡಿ ಯಾವುದೆಂಬ ವಾದ ಬಿಸಿಯೇರಿತು. ಭಾರತದ ಸರ್ವೇ ಇಲಾಖೆಯಲ್ಲಿ ಬೆಟ್ಟ ಹತ್ತಿ ಇಳಿದು ಅನುಭವ ಪಡೆದಿದ್ದ ಥಾಮಸ್ ಹೋಲ್ಡಿಚ್, ಗಡಿಯೆಂದರೆ ಗೋಡೆಯಂತೆ ಬಲವಾಗಿರಬೇಕು, ಪರ್ವತಶ್ರೇಣಿಯಂಥದು ಉತ್ತಮ ಎಂದರು. ಲಂಡನ್ನಿನ ಪ್ರಾಧ್ಯಾಪಕ ಲಯನೆಲ್ ಲೈಡ್, ಗಡಿಯಲ್ಲಿ ಜನ ಸಹಜವಾಗಿ ಸಂಧಿಸಬೇಕು, ಆದ್ದರಿಂದ ನದಿಯೇ ಮೇಲು ಎಂದರು. ಇಬ್ಬರೂ ಪ್ರಕೃತಿಯ ಕಡೆಗೇ ಕೈ ತೋರಿಸಿದರೆಂಬುದನ್ನು ಗಮನಿಸಬೇಕು. ಪ್ರಕೃತಿ ಗಡಿ ಹಾಕಿಟ್ಟಿದೆ, ಮನುಷ್ಯ ಅದನ್ನು ಓದಿಕೊಂಡರೆ ಸಾಕು ಎಂಬ ಈ ನಂಬಿಕೆ ಹಳೆಯದು. ಫ್ರಾನ್ಸಿಗೆ ರೈನ್ ನದಿ, ಆಲ್ಪ್ಸ್ ಪರ್ವತ, ಸಮುದ್ರಗಳೇ ಎಲ್ಲೆಯೆಂದು ೧೭೯೩ರಲ್ಲಿ ಡಾಂಟನ್ ಗುಡುಗಿದ್ದರು. ರೈನ್ ನದಿಯ ಆಚೆ ದಡದ ಜರ್ಮನರನ್ನು ಈ ಬಗ್ಗೆ ಯಾರೂ ಕೇಳಿರಲಿಲ್ಲ.

ಅಮೆರಿಕದ ರಿಚರ್ಡ್ ಹಾರ್ಟ್‌ಶೋರ್ನ್ ಮೂವತ್ತರ ದಶಕದಲ್ಲಿ ವಾದದ ದಿಕ್ಕನ್ನೇ ಬದಲಿಸಿದರು. ಗಡಿ ಬೆಟ್ಟದ ಮೇಲಿದೆಯೋ ಹೊಳೆಯಲ್ಲಿದೆಯೋ ಎಂಬುದಲ್ಲ, ಜನವಸತಿಗೆ ಮೊದಲು ಬಂತೋ ಆಮೇಲೆ ಬಂತೋ ಎಂಬುದು ಮುಖ್ಯ ಎಂದರು. ಜನ ಬಂದು ನೆಲೆಸುವ ಮೊದಲೇ ಎಳೆದ ಗೆರೆಗೆ ಜನ ಒಗ್ಗಿಕೊಂಡು ಬೆಳೆಯುತ್ತಾರೆ. ಜನ ನೆಲೆಸಿದ ಮೇಲೆ ಅವರ ಭಾಷೆ ಧರ್ಮಗಳ ಅಂಚು ಹಿಡಿದು ಬಂದ ಗೆರೆ ಒಂದು ಬಗೆ. ಆ ಅಂಚುಗಳನ್ನು ಲೆಕ್ಕಿಸದೆ ಮೇಲಿನಿಂದ ಹೇರಿದ್ದು ಇನ್ನೊಂದು ಬಗೆ. ಕೆಲಸ ಮುಗಿದು ಬರಿಯ ಗುರುತಾಗಿ ಉಳಿದ ಗಡಿ ಮತ್ತೊಂದು ಬಗೆ. ೧೯೪೫ರಲ್ಲಿ ಸ್ಟೀಫನ್ ಜೋನ್ಸ್ ಗಡಿ ಹಾಕುವವರಿಗಾಗಿಯೇ ಒಂದು ಕೈಪಿಡಿ ಬರೆದರು. ನೆಲವನ್ನು ಹಂಚುವುದು, ಗೆರೆಯನ್ನು ಮಾತಿನಲ್ಲಿ ನಿರ್ಣಯಿಸುವುದು, ನೆಲದ ಮೇಲೆ ಬಾಂದು ಕಲ್ಲು ಹಾಕುವುದು, ಆಮೇಲೆ ಗಡಿಯನ್ನು ನಡೆಸಿಕೊಂಡು ಹೋಗುವುದು ಎಂದು ಅವರು ನಾಲ್ಕು ಹಂತ ಹೇಳಿದ್ದಾರೆ. ಒಂದು ಹಂತದ ಅವಸರಕ್ಕೆ ಮುಂದಿನ ಹಂತದಲ್ಲಿ ಬಡ್ಡಿ ಕಟ್ಟಬೇಕು.

ಜೋನ್ಸರ ಪುಸ್ತಕ ಬಂದು ಎರಡೇ ವರ್ಷಕ್ಕೆ ಭಾರತ ಆ ಬಡ್ಡಿ ಕಟ್ಟಲು ತೊಡಗಿತು. ಸಿರಿಲ್ ರಾಡ್‌ಕ್ಲಿಫ್ ಎಂಬ ಹೆಸರಾಂತ ಆಂಗ್ಲ ವಕೀಲರು ೧೯೪೭ರ ಜುಲೈ ೮ರಂದು ದಿಲ್ಲಿಗೆ ಬಂದಿಳಿದರು. ಅದಕ್ಕೆ ಮುನ್ನ ಅವರು ಈ ದೇಶವನ್ನು ಕಂಡವರಲ್ಲ. ಪಂಜಾಬಿಗೊಂದು, ಬಂಗಾಳಕ್ಕೊಂದು ಆಯೋಗ. ಎರಡಕ್ಕೂ ಇವರೇ ಅಧ್ಯಕ್ಷರು. ಸದಸ್ಯರೆಲ್ಲರೂ ನ್ಯಾಯಾಧೀಶರು, ಭೂಗೋಳ ಬಲ್ಲವರು ಒಬ್ಬರೂ ಇಲ್ಲ. ಆ ದಿನಗಳಲ್ಲಿ ಲಾಹೋರಿನಲ್ಲಿ ಒಬ್ಬ ನಿಜವಾದ ಭೂಗೋಳಜ್ಞರಿದ್ದರು. ಮುಂದೆ ಭಾರತ ಪಾಕಿಸ್ತಾನಗಳ ಭೂಗೋಳದ ಬಗ್ಗೆ ದೊಡ್ಡ ಗ್ರಂಥ ಬರೆದ ಓಸ್ಕರ್ ಸ್ಪೇಟ್ ಅವರು. ಆದರೆ ಅವರನ್ನು ಕರೆಸಿಕೊಂಡಿದ್ದುದು ಆಯೋಗವಲ್ಲ. ತಮ್ಮ ಊರು ಎತ್ತ ಹೋಗುವುದೋ ಎಂಬ ಚಿಂತೆಯಲ್ಲಿದ್ದ ಅಹಮದೀಯ ಪಂಥದವರು. ಸರ್ಕಾರಕ್ಕೆ ಬೇಡವಾದ ಶಾಸ್ತ್ರದ ಬೆಲೆ ಅಂಚಿನ ಜನರಿಗೆ ತಿಳಿದಿತ್ತು.

ಐದು ವಾರದಲ್ಲಿ ಕೆಲಸ ಮುಗಿಯಿತು. ತೀರ್ಪು ಪ್ರಕಟವಾದದ್ದು ಆಗಸ್ಟ್ ೧೭ಕ್ಕೆ, ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ. ಆ ಎರಡು ದಿನ ಮುಸ್ಲಿಮರು ಹೆಚ್ಚಾಗಿದ್ದ ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಧ್ವಜ ಹಾರಿತು, ಖುಲ್ನಾದಲ್ಲಿ ಭಾರತದ್ದು ಹಾರಿತು. ಹದಿನೇಳರಂದು ಮುರ್ಷಿದಾಬಾದು ಭಾರತಕ್ಕೂ ಖುಲ್ನಾ ಪಾಕಿಸ್ತಾನಕ್ಕೂ ಸೇರಿದ್ದು ಗೊತ್ತಾಗಿ ಎರಡೂ ಕಡೆ ಧ್ವಜ ಇಳಿಸಬೇಕಾಯಿತು. ಒಳ್ಳೆಯ ಸೆಣಬು ಬೆಳೆಯುವ ಹೊಲಗಳು ಪೂರ್ವಕ್ಕೆ ಹೋದವು. ಅದನ್ನು ನೂಲುವ ಗಿರಣಿಗಳೆಲ್ಲ ಹೂಗ್ಲಿ ನದಿಯ ದಂಡೆಯಲ್ಲಿ ಭಾರತಕ್ಕೆ ಉಳಿದವು. ಅಸ್ಸಾಮಿಗೆ ಭಾರತದೊಳಗೇ ಹೋಗುವ ರೈಲು ಇಲ್ಲದಂತಾಗಿ ಹೊಸ ಹಾದಿ ಹಾಕಬೇಕಾಯಿತು. ಅದು ಸಂಚಾರಕ್ಕೆ ತೆರೆದದ್ದು ೧೯೫೦ರ ಜನವರಿಯಲ್ಲಿ. ಹಾರ್ಟ್‌ಶೋರ್ನರ ಮಾತಿನಲ್ಲಿ ಇದು ಹೇರಿದ ಗಡಿ. ಧರ್ಮದ ಅಂಚು ಹಿಡಿದು ಹೋಗಬೇಕೆಂದು ಹೊರಟ ಗೆರೆ ಅನ್ನದ ಅಂಚನ್ನು ಕತ್ತರಿಸಿತು.

ನದಿಯನ್ನು ನಂಬಿದ ಕಡೆ ನದಿ ಕೈಕೊಟ್ಟಿತು. ಬಂಗಾಳದ ನದಿಗಳು ನಮ್ಮ ಕಾವೇರಿಯ ಹಾಗೆ ಕಲ್ಲಿನ ಪಾತ್ರದಲ್ಲಿ ಹರಿಯುವುದಿಲ್ಲ. ಮೆಕ್ಕಲು ಮಣ್ಣಿನಲ್ಲಿ ಮಗ್ಗುಲು ಬದಲಿಸುತ್ತ ಮಲಗುತ್ತವೆ. ಗಂಗೆ ಮತ್ತು ಮಾಥಾಭಾಂಗಾ ನದಿಗಳ ವಿಚಾರದಲ್ಲಿ ಗೆರೆ ಎಲ್ಲಿ ಎಂದು ನಿರ್ಣಯಿಸಲು ಸ್ವೀಡನ್ನಿನ ನ್ಯಾಯಾಧೀಶ ಆಲ್ಗಾಟ್ ಬಾಗೆ ಅವರ ಅಧ್ಯಕ್ಷತೆಯಲ್ಲಿ ನ್ಯಾಯಮಂಡಳಿ ಕೂಡಬೇಕಾಯಿತು. ಅದರ ತೀರ್ಪು ೧೯೫೦ರಲ್ಲಿ ಬಂತು. ಸಮುದ್ರದ ಬಾಯಲ್ಲಿ ನಡೆದದ್ದು ಇನ್ನೂ ವಿನೋದ. ೧೯೭೦ರ ಭೀಕರ ಚಂಡಮಾರುತದ ಮೇಲೆ ಅಲ್ಲಿ ಒಂದು ಮರಳುದಿಬ್ಬ ತಲೆಯೆತ್ತಿತು. ಭಾರತ ಅದನ್ನು ನ್ಯೂ ಮೂರ್ ಎಂದಿತು, ಬಾಂಗ್ಲಾದೇಶ ದಕ್ಷಿಣ ತಾಲ್‌ಪಟ್ಟಿ ಎಂದಿತು. ಇಬ್ಬರೂ ಹಕ್ಕು ಸಾಧಿಸುತ್ತಿರುವಾಗಲೇ ದ್ವೀಪ ಮತ್ತೆ ನೀರಿಗಿಳಿಯಿತು. ಅದು ಪೂರ್ತಿ ಮುಳುಗಿದೆಯೆಂದು ೨೦೧೦ರಲ್ಲಿ ಕಲ್ಕತ್ತೆಯ ಸಮುದ್ರ ವಿಜ್ಞಾನಿಗಳು ಸಾರಿದರು. ಕಡಲಿನ ಗಡಿಯನ್ನು ಅಂತರರಾಷ್ಟ್ರೀಯ ಪಂಚಾಯಿತಿ ೨೦೧೪ರಲ್ಲಿ ತೀರ್ಮಾನಿಸುವ ಹೊತ್ತಿಗೆ ಜಗಳದ ವಸ್ತುವೇ ಉಳಿದಿರಲಿಲ್ಲ.

ಇಷ್ಟಾದರೂ ರಾಡ್‌ಕ್ಲಿಫ್ ಗೆರೆ ಕೂಚ್‌ಬಿಹಾರವನ್ನು ಮುಟ್ಟಲಿಲ್ಲ. ಮುಟ್ಟುವ ಅಧಿಕಾರ ಅವರಿಗಿರಲಿಲ್ಲ. ಅದು ಬ್ರಿಟಿಷ್ ಪ್ರಾಂತವಲ್ಲ, ದೇಶೀಯ ಸಂಸ್ಥಾನ. ಜಯಪುರದ ಮಹಾರಾಣಿ ಗಾಯತ್ರೀದೇವಿಯವರ ತವರುಮನೆಯೆಂದರೆ ಓದುಗರಿಗೆ ಬೇಗ ನೆನಪಾದೀತು. ಮಹಾರಾಜ ಜಗದ್ದೀಪೇಂದ್ರ ನಾರಾಯಣರು ೧೯೪೯ರ ಆಗಸ್ಟಿನಲ್ಲಿ ವಿಲೀನ ಪತ್ರಕ್ಕೆ ಸಹಿ ಹಾಕಿದರು; ೧೯೫೦ರ ಜನವರಿ ೧ರಿಂದ ಕೂಚ್‌ಬಿಹಾರ ಪಶ್ಚಿಮ ಬಂಗಾಳದ ಒಂದು ಜಿಲ್ಲೆಯಾಯಿತು. ಸಂಸ್ಥಾನದೊಡನೆ ಅದರ ಹಳೆಯ ಎಲ್ಲೆಯೂ ಭಾರತಕ್ಕೆ ಬಂತು. ಆ ಎಲ್ಲೆ ಒಂದು ಗೆರೆಯಾಗಿರಲಿಲ್ಲ. ಸಂಸ್ಥಾನದ ನೂರಕ್ಕೂ ಹೆಚ್ಚು ತುಂಡುಗಳು ನೆರೆಯ ರಂಗಪುರ ಮೊದಲಾದ ಜಿಲ್ಲೆಗಳೊಳಗೆ ಚದುರಿದ್ದವು. ಆ ಜಿಲ್ಲೆಗಳ ತುಂಡುಗಳು ಸಂಸ್ಥಾನದೊಳಗಿದ್ದವು. ಬಂಗಾಳಿಗಳು ಇವನ್ನು ಛಿಟ್‌ಮಹಲ್ ಎನ್ನುತ್ತಾರೆ. ಮಹಲೆಂದರೆ ಇಲ್ಲಿ ಅರಮನೆಯಲ್ಲ, ಕಂದಾಯದ ಒಂದು ಘಟಕ. ಛಿಟ್ ಎಂದರೆ ಅದರಿಂದ ಸಿಡಿದ ಚೂರು.

ಇವು ಹುಟ್ಟಿದ್ದು ಹೇಗೆ? ಜನ ಹೇಳುವ ಕಥೆ ರಂಜಕವಾಗಿದೆ. ಕೂಚ್‌ಬಿಹಾರದ ರಾಜನೂ ರಂಗಪುರದ ಫೌಜುದಾರನೂ ಚದುರಂಗವಾಡುತ್ತ ಒಂದೊಂದು ಹಳ್ಳಿಯನ್ನು ಪಣವೊಡ್ಡಿದರಂತೆ. ಗೆದ್ದವರಿಗೆ ಗೆದ್ದ ಹಳ್ಳಿ. ದ್ಯೂತದಲ್ಲಿ ರಾಜ್ಯ ಸೋತ ಕಥೆ ಕೇಳಿ ಬೆಳೆದ ನಮಗೆ ಇದು ನಂಬುವಂಥದೇ. ಚರಿತ್ರೆ ಹೇಳುವುದು ಇಷ್ಟು ರಂಜಕವಲ್ಲ. ಮೊಗಲರು ಕೂಚ್‌ಬಿಹಾರದೊಡನೆ ಬಹಳ ಕಾಲ ಯುದ್ಧ ನಡೆಸಿ ೧೭೧೧ರಿಂದ ೧೭೧೩ರ ನಡುವೆ ಒಪ್ಪಂದಕ್ಕೆ ಬಂದರು. ಬೋಡಾ, ಪಾಟ್‌ಗ್ರಾಮ, ಪೂರ್ವಭಾಗ ಎಂಬ ಮೂರು ಚಕ್ಲೆಗಳು ಮೊಗಲರಿಗೆ ಹೋದವು. ಆದರೆ ಆ ಚಕ್ಲೆಗಳೊಳಗೆ ರಾಜನ ಕಡೆಯ ಪಾಳೆಯಗಾರರು ಬಿಡದೆ ಹಿಡಿದುಕೊಂಡಿದ್ದ ಜಾಗಗಳು ರಾಜನಿಗೇ ಉಳಿದವು. ಹಾಗೆಯೇ ರಾಜನ ಸೀಮೆಯೊಳಗೆ ಮೊಗಲ್ ಸಿಪಾಯಿಗಳು ಬೇರೂರಿದ್ದ ಜಾಗಗಳು ಮೊಗಲರಿಗೆ ಉಳಿದವು. ಬ್ರಿಟಿಷರು ೧೭೬೫ರಲ್ಲಿ ಬಂಗಾಳದ ದಿವಾನಿ ಪಡೆದು, ೧೭೭೩ರಲ್ಲಿ ಕೂಚ್‌ಬಿಹಾರವನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡಾಗ ಈ ಚೂರುಗಳನ್ನು ಇದ್ದಂತೆಯೇ ಬಿಟ್ಟರು.

ಹೀಗೆ ಬಿಟ್ಟದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ಅಂಶ. ಅದು ಹೇಗೆಂಬುದು ಧಾರವಾಡದ ಕಡೆಯ ಹಿರಿಯರನ್ನು ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮೀರಜಿಗೆ, ಸವಣೂರಿಗೆ ನವಾಬರು. ಸುತ್ತಲೂ ಬ್ರಿಟಿಷ್ ಮುಂಬಯಿ ಪ್ರಾಂತ. ಅಲ್ಲಿಯ ನಕ್ಷೆ ಕೌದಿಯ ಹಾಗೆ ಕಾಣುತ್ತಿತ್ತು. ಆದರೂ ರೈತ ಎತ್ತು ಹೊಡೆದುಕೊಂಡು ಸಂತೆಗೆ ಹೋದ, ಮದುವೆಯ ದಿಬ್ಬಣ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಯಿತು, ಸವಾಯಿ ಗಂಧರ್ವರ ಗಾಯನಕ್ಕೆ ಗಡಿಕಲ್ಲು ಅಡ್ಡ ಬರಲಿಲ್ಲ. ಗಡಿಯ ಕೆಲಸ ಕಂದಾಯ ಯಾರಿಗೆ ಕಟ್ಟಬೇಕು, ವ್ಯಾಜ್ಯ ಎಲ್ಲಿ ಹೂಡಬೇಕು ಎಂಬಿಷ್ಟನ್ನು ಹೇಳುವುದರಲ್ಲೇ ಮುಗಿಯುತ್ತಿತ್ತು. ೧೯೪೮ರಲ್ಲಿ ಈ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಕೌದಿಯ ಹೊಲಿಗೆ ತಾನಾಗಿ ಮಾಯವಾಯಿತು. ೧೯೫೬ರಲ್ಲಿ ನಾವು ಏಕೀಕರಣದ ಗಡಿಗಾಗಿ ಮಾಡಿದ ವಾದಗಳಲ್ಲಿ, ೧೯೬೭ರ ಮಹಾಜನ ವರದಿಯ ಸುತ್ತ ಎದ್ದ ಧೂಳಿನಲ್ಲಿ ಕೂಡ, ಈ ಹಳೆಯ ಚೂರುಗಳನ್ನು ನೆನೆದು ಅತ್ತವರಿಲ್ಲ.

ಕೂಚ್‌ಬಿಹಾರದ ಚೂರುಗಳೂ ಹೀಗೆಯೇ ಕರಗಬಹುದಿತ್ತು, ಎರಡು ಕಡೆಯೂ ಒಂದೇ ದೇಶವಾಗಿದ್ದರೆ. ಆಗಲಿಲ್ಲ. ಗೆರೆ ಒಂದು ಗೇಣೂ ಸರಿಯದೆ, ಅದರ ಕೆಲಸ ಮಾತ್ರ ಬದಲಾಗುತ್ತ ಹೋಯಿತು. ಮೊಗಲರ ಕಾಲದಲ್ಲಿ ಅದು ಇಬ್ಬರು ಒಡೆಯರ ನಡುವಿನ ಎಲ್ಲೆ. ಬ್ರಿಟಿಷರ ಕಾಲದಲ್ಲಿ ಒಂದೇ ಸಾಮ್ರಾಜ್ಯದೊಳಗಿನ ಎರಡು ಲೆಕ್ಕದ ಪುಸ್ತಕಗಳ ಎಲ್ಲೆ. ೧೯೪೯ರಿಂದ ಎರಡು ಸ್ವತಂತ್ರ ದೇಶಗಳ ಗಡಿ. ಅಷ್ಟಾದರೂ ಮೂರು ವರ್ಷ ಜನ ಓಡಾಡಿಕೊಂಡಿದ್ದರು. ೧೯೫೨ರ ಅಕ್ಟೋಬರಿನಲ್ಲಿ ಭಾರತಕ್ಕೂ ಪೂರ್ವ ಪಾಕಿಸ್ತಾನಕ್ಕೂ ನಡುವೆ ಪಾಸ್‌ಪೋರ್ಟು ವೀಸಾ ಜಾರಿಗೆ ಬಂತು. ಅಂದು ಛಿಟ್‌ಮಹಲಿನ ಸುತ್ತ ಕಣ್ಣಿಗೆ ಕಾಣದ ಬಾಗಿಲು ಮುಚ್ಚಿಕೊಂಡಿತು.

ಮುಚ್ಚಿದ ಬಾಗಿಲಿನ ತರ್ಕವನ್ನು ನೋಡಿ. ಪೂರ್ವ ಪಾಕಿಸ್ತಾನದೊಳಗಿನ ಭಾರತದ ತುಂಡಿನಲ್ಲಿ ಒಬ್ಬ ರೈತನಿದ್ದಾನೆ. ತನ್ನ ದೇಶದ ಪಾಸ್‌ಪೋರ್ಟು ಬೇಕಾದರೆ ಅವನು ಕೂಚ್‌ಬಿಹಾರದ ಪಟ್ಟಣಕ್ಕೆ ಹೋಗಬೇಕು. ಹೋಗಲು ನಡುವಿನ ಪರದೇಶವನ್ನು ದಾಟಬೇಕು. ದಾಟಲು ಪಾಸ್‌ಪೋರ್ಟು ವೀಸಾ ಬೇಕು. ಅವನು ಕಾನೂನನ್ನು ಪಾಲಿಸಿದರೆ ಹುಟ್ಟಿದ ತುಂಡಿನಲ್ಲೇ ಸಾಯಬೇಕು. ಉಪ್ಪು ತರಲು ಸಂತೆಗೆ ಕಾಲಿಟ್ಟರೆ ಅಪರಾಧಿ. ಭಾರತದ ಪೊಲೀಸರು ಅಲ್ಲಿಗೆ ಬರುವಂತಿಲ್ಲ, ಸುತ್ತಲಿನ ದೇಶದ ಪೊಲೀಸರಿಗೆ ಒಳಗೆ ಅಧಿಕಾರವಿಲ್ಲ. ಆದ್ದರಿಂದ ಕಳ್ಳತನವಾದರೆ ದೂರು ಕೊಡುವ ಠಾಣೆಯಿಲ್ಲ, ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಪಡಿತರ ಚೀಟಿಯಿಲ್ಲ, ಮತದಾನವಿಲ್ಲ. ವಿದ್ಯುತ್ತಿನ ತಂತಿಗಳು ತಲೆಯ ಮೇಲೆ ಹಾದುಹೋದವು, ಮನೆಗೆ ಇಳಿಯಲಿಲ್ಲ. ಭಾರತದೊಳಗಿನ ಆ ಕಡೆಯ ತುಂಡುಗಳ ಪಾಡೂ ಇದೇ. ಮಕ್ಕಳನ್ನು ಶಾಲೆಗೆ ಸೇರಿಸಲು ಅಂಚಿನಾಚೆಯ ಯಾರೋ ಒಬ್ಬರನ್ನು ತಂದೆಯೆಂದು ಬರೆಸಿದರು. ಬಸುರಿಯರು ಸರ್ಕಾರಿ ಆಸ್ಪತ್ರೆಯಲ್ಲಿ ಬೇರೊಬ್ಬನನ್ನು ಗಂಡನೆಂದು ಹೇಳಿ ಹೆತ್ತರು. ಮಗುವಿಗೆ ಸುಳ್ಳು ತಂದೆಯ ಹೆಸರನ್ನು ಕೊಟ್ಟರೆ ಮಾತ್ರ ಅದಕ್ಕೆ ಅಕ್ಷರ ದೊರೆಯುವ ಸ್ಥಿತಿಗಿಂತ ಕಠೋರವಾದ ಗಡಿ ಯಾವ ಮುಳ್ಳುತಂತಿಯಿಂದಲೂ ಆಗುವುದಿಲ್ಲ.

ತುಂಡುನೆಲವೆಂಬುದು ತಾನಾಗಿ ದುಃಖದ ವಸ್ತುವಲ್ಲ. ೧೬೫೯ರ ಪೈರನೀಸ್ ಒಪ್ಪಂದದ ಫಲವಾಗಿ ಮೂವತ್ತಮೂರು ‘ಹಳ್ಳಿ’ಗಳು ಸ್ಪೇನಿನಿಂದ ಫ್ರಾನ್ಸಿಗೆ ಹೋಗಬೇಕಾದವು, ತಾನು ಹಳ್ಳಿಯಲ್ಲ, ಪಟ್ಟಣ ಎಂಬ ವಾದದ ಮೇಲೆ ಲಿವಿಯಾ ಎಂಬ ಊರು ಇಂದಿಗೂ ಫ್ರಾನ್ಸಿನ ನಡುವೆ ಸ್ಪೇನಿನದಾಗಿ ಸುಖವಾಗಿದೆ. ನೆದರ್ಲೆಂಡ್ಸಿನ ಬಾರ್ಲೆ ಊರಿನಲ್ಲಿ ಬೆಲ್ಜಿಯಂ ದೇಶದ ಇಪ್ಪತ್ತೆರಡು ತುಂಡುಗಳಿವೆ. ಹನ್ನೆರಡನೆಯ ಶತಮಾನದ ಪಾಳೆಯಗಾರರು ಮಾಡಿಕೊಂಡ ಹಂಚಿಕೆ ಅದು. ಗೆರೆ ಮನೆಗಳ ನಡುವೆಯೇ ಹಾದುಹೋಗುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ಪ್ರವಾಸಿಗಳು ಹೋಗಿ ಒಂದೊಂದು ಕಾಲನ್ನು ಒಂದೊಂದು ದೇಶದಲ್ಲಿಟ್ಟು ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ೨೦೨೦ರಲ್ಲಿ ಸಾಂಕ್ರಾಮಿಕ ಬಂದು ಎರಡು ದೇಶಗಳ ನಿಯಮ ಬೇರೆಯಾದಾಗ, ಅಲ್ಲಿಯ ಒಂದು ಬಟ್ಟೆಯಂಗಡಿಯಲ್ಲಿ ಬೆಲ್ಜಿಯಂ ಪಾಲನ್ನು ಮುಚ್ಚಿ ನೆದರ್ಲೆಂಡ್ಸ್ ಪಾಲಿನಲ್ಲಿ ವ್ಯಾಪಾರ ಮಾಡಬೇಕಾಯಿತು. ಗೆರೆ ಅದೇ, ಕೆಲಸ ಕೊಟ್ಟ ಕೂಡಲೇ ಎದ್ದು ನಿಂತಿತು.

ಛಿಟ್‌ಮಹಲುಗಳ ಲೆಕ್ಕ ಬಾರ್ಲೆಯನ್ನೂ ಮೀರಿಸುವಂಥದು. ತುಂಡಿನೊಳಗೆ ತುಂಡು, ಅದರೊಳಗೆ ಇನ್ನೊಂದು. ದಾಹಲಾ ಖಗ್ರಾಬಾಡಿ ಎಂಬ ಸುಮಾರು ಏಳು ಸಾವಿರ ಚದರ ಮೀಟರಿನ ಸೆಣಬಿನ ಹೊಲ ಭಾರತದ್ದು. ಅದರ ಸುತ್ತ ಬಾಂಗ್ಲಾದೇಶದ ನೆಲ, ಅದರ ಸುತ್ತ ಭಾರತದ ನೆಲ, ಅದರ ಸುತ್ತ ಬಾಂಗ್ಲಾದೇಶ. ಇಂಥ ಮೂರು ಸುತ್ತಿನ ಕೋಟೆ ಪ್ರಪಂಚದಲ್ಲಿ ಬೇರೊಂದಿರಲಿಲ್ಲ.

ಬಿಡಿಸಲು ಯಾರೂ ಯತ್ನಿಸಲಿಲ್ಲವೆಂದಲ್ಲ. ೧೯೫೮ರ ಸೆಪ್ಟೆಂಬರಿನಲ್ಲಿ ನೆಹರೂ ಅವರೂ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಅವರೂ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿದರು. ಅದರ ಜೊತೆಗೆ ಬೇರುಬಾರಿ ಎಂಬ ಇನ್ನೊಂದು ಗಂಟು ಸೇರಿಕೊಂಡಿತು. ರಾಡ್‌ಕ್ಲಿಫ್ ತೀರ್ಪು ಠಾಣೆಗಳ ಎಲ್ಲೆ ಹಿಡಿದು ಗೆರೆಯನ್ನು ವರ್ಣಿಸುವಾಗ ನಡುವೆ ಬೋಡಾ ಠಾಣೆಯ ಹೆಸರನ್ನೇ ಬಿಟ್ಟಿತ್ತು. ನಕ್ಷೆಗೂ ಮಾತಿಗೂ ಭೇದ ಬಂದರೆ ಮಾತೇ ಪ್ರಮಾಣವೆಂದು ತೀರ್ಪಿನಲ್ಲೇ ಬರೆದಿತ್ತು. ಆದರೆ ಆ ಮಾತಿನಲ್ಲಿಯೇ ಒಂದು ಕೊಂಡಿ ಇಲ್ಲ! ಆ ಸಂದಿನಲ್ಲಿ ಜಲಪೈಗುರಿ ಜಿಲ್ಲೆಯ ಬೇರುಬಾರಿ ಯೂನಿಯನ್ ಸಿಕ್ಕಿಕೊಂಡಿತು. ವಿಸ್ತೀರ್ಣ ಎಂಟೂಮುಕ್ಕಾಲು ಚದರ ಮೈಲಿ, ಹತ್ತು ಹನ್ನೆರಡು ಸಾವಿರ ಜನ. ಅರ್ಧಕ್ಕೆ ಸೀಳಿ ಅರ್ಧವನ್ನು ಪಾಕಿಸ್ತಾನಕ್ಕೆ ಕೊಡುವುದೆಂದು ಪ್ರಧಾನಿಗಳು ಒಪ್ಪಿದರು. ಬಂಗಾಳ ಕೆರಳಿತು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. ೧೯೬೦ರ ಮಾರ್ಚಿನಲ್ಲಿ ಪೀಠದ ಅಭಿಪ್ರಾಯ ಓದಿದವರು ನಮ್ಮ ಗಜೇಂದ್ರಗಡದ ಹೆಸರು ಹೊತ್ತ ಮನೆತನದ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು. ದೇಶದ ನೆಲವನ್ನು ಬಿಟ್ಟುಕೊಡಲು ಪ್ರಧಾನಿಯ ಸಹಿ ಸಾಲದು, ಸಂವಿಧಾನದ ತಿದ್ದುಪಡಿಯೇ ಬೇಕು ಎಂದು ಅದು ಹೇಳಿತು. ಅದೇ ವರ್ಷ ಒಂಬತ್ತನೆಯ ತಿದ್ದುಪಡಿ ಬಂತು. ಆದರೆ ಬೇರುಬಾರಿ ಕೈ ಬದಲಾಗಲೇ ಇಲ್ಲ.

೧೯೭೧ರಲ್ಲಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು. ಸ್ನೇಹದ ಆ ಬಿಸಿಯಲ್ಲಿ, ೧೯೭೪ರ ಮೇ ೧೬ರಂದು, ಇಂದಿರಾ ಗಾಂಧಿಯವರೂ ಮುಜೀಬುರ್ ರಹಮಾನರೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ತುಂಡುಗಳ ವಿನಿಮಯ ಅದರಲ್ಲಿಯೂ ಇತ್ತು. ಬೇರುಬಾರಿಯ ದಕ್ಷಿಣಾರ್ಧ ಭಾರತಕ್ಕೇ ಉಳಿಯುವುದು. ಬದಲಿಗೆ ದಹಗ್ರಾಮ ಅಂಗರ್‌ಪೋತಾ ಎಂಬ ದೊಡ್ಡ ತುಂಡು ಬಾಂಗ್ಲಾದೇಶಕ್ಕೇ ಉಳಿದು, ಅಲ್ಲಿಗೆ ಹೋಗಿಬರಲು ತೀನ್ ಬಿಘಾ ಎಂಬಲ್ಲಿ ೧೭೮ ಮೀಟರ್ ಉದ್ದ, ೮೫ ಮೀಟರ್ ಅಗಲದ ದಾರಿಯನ್ನು ಭಾರತ ಶಾಶ್ವತ ಗೇಣಿಗೆ ಕೊಡುವುದು. ಬಾಂಗ್ಲಾದೇಶದ ಸಂಸತ್ತು ಅದೇ ವರ್ಷ ಒಪ್ಪಿಗೆ ಕೊಟ್ಟಿತು. ನಮ್ಮ ಸಂಸತ್ತು ಕೊಟ್ಟದ್ದು ನಲವತ್ತೊಂದು ವರ್ಷಗಳ ಮೇಲೆ.

ಈ ವಿಳಂಬಕ್ಕೆ ಒಂದು ಲೆಕ್ಕ ಕಾರಣ. ಬಾಂಗ್ಲಾದೇಶದೊಳಗೆ ಭಾರತದ ೧೧೧ ತುಂಡುಗಳು, ೧೭,೧೬೦ ಎಕರೆ. ಭಾರತದೊಳಗೆ ಬಾಂಗ್ಲಾದೇಶದ ೫೧ ತುಂಡುಗಳು, ೭,೧೧೦ ಎಕರೆ. ವಿನಿಮಯದಲ್ಲಿ ಹತ್ತು ಸಾವಿರ ಎಕರೆ ‘ನಷ್ಟ’. ಆ ನೆಲ ಎಂದಾದರೂ ನಮ್ಮ ಕೈಯಲ್ಲಿತ್ತೇ? ನಮ್ಮ ಅಧಿಕಾರಿ ಕಾಲಿಡಲಾಗದ, ನಮ್ಮ ಅಂಚೆ ಮುಟ್ಟದ ನೆಲವನ್ನು ಕಳೆದುಕೊಳ್ಳುವುದೆಂದರೇನು? ಆದರೆ ನಕ್ಷೆಯನ್ನು ದೇವರಪಟದಂತೆ ನೋಡಲು ಕಲಿತ ಮೇಲೆ ಎಕರೆಗಳು ಕಾಣುತ್ತವೆ, ಅದರ ಮೇಲಿನ ಜನ ಕಾಣುವುದಿಲ್ಲ. ಎರಡೂ ಸರ್ಕಾರಗಳು ಕೂಡಿ ೨೦೧೧ರಲ್ಲಿ ತಲೆ ಎಣಿಸಿದಾಗ ಭಾರತದ ತುಂಡುಗಳಲ್ಲಿ ಸುಮಾರು ೩೭ ಸಾವಿರ, ಬಾಂಗ್ಲಾದೇಶದ ತುಂಡುಗಳಲ್ಲಿ ಸುಮಾರು ೧೪ ಸಾವಿರ ಮಂದಿ ಸಿಕ್ಕಿದರು.

ಕೊನೆಗೆ ೨೦೧೫ರ ಮೇ ತಿಂಗಳಿನಲ್ಲಿ ನೂರನೆಯ ಸಂವಿಧಾನ ತಿದ್ದುಪಡಿ ಎರಡೂ ಸದನಗಳಲ್ಲಿ ಒಬ್ಬರ ವಿರೋಧವೂ ಇಲ್ಲದೆ ಅಂಗೀಕಾರವಾಯಿತು. ಜುಲೈ ೩೧ರ ನಡುರಾತ್ರಿ ಛಿಟ್‌ಮಹಲುಗಳ ಗೆರೆಗಳು ಕೆಲಸ ಕಳೆದುಕೊಂಡವು. ಹಾರ್ಟ್‌ಶೋರ್ನರ ಪಟ್ಟಿಯ ಕೊನೆಯ ಬಗೆಗೆ, ಬರಿಯ ಗುರುತಿನ ಗಡಿಗೆ ಸೇರಿದವು. ಯಾವ ದೇಶ ಬೇಕೆಂದು ಜನರನ್ನೇ ಕೇಳಲಾಯಿತು. ಭಾರತದೊಳಗಿನ ಹದಿನಾಲ್ಕು ಸಾವಿರದಲ್ಲಿ ಒಬ್ಬರೂ ಬಾಂಗ್ಲಾದೇಶಕ್ಕೆ ಹೊರಡಲಿಲ್ಲ. ಆ ಕಡೆಯ ಮೂವತ್ತೇಳು ಸಾವಿರದಲ್ಲಿ ಭಾರತಕ್ಕೆ ಬಂದವರು ಸಾವಿರಕ್ಕೂ ಕಡಿಮೆ. ಉಳಿದವರೆಲ್ಲ ಮನೆಯಿದ್ದಲ್ಲೇ ಇದ್ದು ದೇಶ ಬದಲಿಸಿದರು. ಬಂದವರು ದಿನ್‌ಹಾಟಾ, ಮೆಖ್ಲಿಗಂಜ್, ಹಲ್ದಿಬಾಡಿಗಳ ತಾತ್ಕಾಲಿಕ ಶಿಬಿರಗಳಲ್ಲಿ, ತಗಡಿನ ಮನೆಗಳಲ್ಲಿ ವರ್ಷಗಟ್ಟಲೆ ಕಳೆದರು. ಬಿಟ್ಟುಬಂದ ಹೊಲಕ್ಕೆ ಬೆಲೆ ಕಟ್ಟುವವರು ಯಾರೆಂಬ ಪ್ರಶ್ನೆ ಅವರ ಜೊತೆಗೇ ಬಂತು. ಇದ್ದಲ್ಲೇ ಉಳಿದವರಿಗೂ ಪಹಣಿ ಪತ್ರಗಳ ಕಷ್ಟ ತಪ್ಪಲಿಲ್ಲ. ಅರವತ್ತು ಎಪ್ಪತ್ತು ವರ್ಷ ಬಾಯಿಮಾತಿನ ಮೇಲೆ ಕೈ ಬದಲಾದ ಹೊಲಗಳಿಗೆ ಹೊಸದಾಗಿ ಒಡೆಯರ ಹೆಸರು ಬರೆಯಬೇಕಾಯಿತು.

ಒಂದು ತುಂಡು ಮಾತ್ರ ಒಪ್ಪಂದದಂತೆ ಉಳಿದಿದೆ, ದಹಗ್ರಾಮ ಅಂಗರ್‌ಪೋತಾ. ಅದಕ್ಕೆ ಹೋಗುವ ತೀನ್ ಬಿಘಾ ದಾರಿಯನ್ನು ೧೯೯೨ರ ಜೂನ್ ೨೬ರಂದು ತೆರೆದಾಗ ಭಾರತದ ಕಡೆಯ ಹಳ್ಳಿಗರು ಸಿಟ್ಟಿಗೆದ್ದಿದ್ದರು. ದಾರಿ ಬಿಟ್ಟರೆ ತಮ್ಮ ಕುಚ್ಲಿಬಾಡಿಯೇ ಇನ್ನೊಂದು ಛಿಟ್‌ಮಹಲ್ ಆದೀತೆಂಬ ಅವರ ಭಯ ನಿರಾಧಾರವಾದುದಲ್ಲ; ಆ ಪ್ರತಿಭಟನೆಗಳಲ್ಲಿ ಜೀವಹಾನಿಯೂ ಆಯಿತು. ಮೊದಲು ಹಗಲಿನಲ್ಲಿ, ಅದೂ ಒಂದು ಗಂಟೆ ಬಿಟ್ಟು ಒಂದು ಗಂಟೆ, ಬಾಗಿಲು ತೆರೆಯುತ್ತಿತ್ತು. ರಾತ್ರಿ ಹೊಟ್ಟೆನೋವು ಬಂದರೆ ಬೆಳಗಾಗುವವರೆಗೆ ಕಾಯಬೇಕು. ೨೦೧೧ರ ಅಕ್ಟೋಬರಿನಿಂದ ಹಗಲೂ ರಾತ್ರಿ ತೆರೆಯಿತು. ಅಲ್ಲಿ ಎರಡು ರಸ್ತೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಪಾಟ್‌ಗ್ರಾಮದಿಂದ ದಹಗ್ರಾಮಕ್ಕೆ ಹೋಗುವ ಬಾಂಗ್ಲಾದೇಶದವರು ಒಂದರಲ್ಲಿ, ಮೆಖ್ಲಿಗಂಜಿನಿಂದ ಕುಚ್ಲಿಬಾಡಿಗೆ ಹೋಗುವ ಭಾರತದವರು ಇನ್ನೊಂದರಲ್ಲಿ, ನಡುವೆ ನಮ್ಮ ಗಡಿ ಪಡೆಯ ಕಾವಲು. ನೆಲದ ಒಡೆತನ ಇಂದಿಗೂ ಭಾರತದ್ದೇ. ಅಗಲ ಎಂಬತ್ತೈದು ಮೀಟರ್.